ರಾಕ್ಷಸನಿಗೆ ಹುಣಸೆ ಬೀಜದ ಅಂಟು

ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ ಒಂದು ಸಂಜೆ ತಲೆ ಎತ್ತಿಕೊಂಡು ನಡೆದು ನೋಡಿ, ಮಕ್ಕಳೇ. ನಮ್ಮೂರಿನ ರಸ್ತೆಯಲ್ಲಿ ತಲೆ ತಗ್ಗಿಸಿ ನಡೆಯುವುದೇ ಕ್ಷೇಮ ಎಂಬುದು ನನಗೂ ಗೊತ್ತು. ಆದರೂ ತಾತನ ಕೈ ಹಿಡಿದುಕೊಂಡು ಒಂದು ಸಲ ಮೇಲೆ ನೋಡಿ. ಅಂಗಡಿ ಬಾಗಿಲ ಮೇಲೆ ಒಂದು ಬೂದುಗುಂಬಳಕಾಯಿ ತೂಗುತ್ತಿರುತ್ತದೆ. ಅದಕ್ಕೆ ಗುಡ್ಡೆಗಣ್ಣು, ಹುರಿಮೀಸೆ, ಕೆಂಪು ನಾಲಿಗೆ, ತುಟಿ ದಾಟಿ ಬಂದ ಎರಡು ಕೋರೆಹಲ್ಲು. ಕಟ್ಟುತ್ತಿರುವ ಮನೆ ಇದ್ದರೆ ಮೇಲಿನ ಅಂತಸ್ತಿನ ಕಂಬಕ್ಕೆ ಒಬ್ಬ ಕಪ್ಪು ಮುಖದ ರಾಕ್ಷಸ. ಲಾರಿಯ ಹಿಂದೆ ಒಬ್ಬ, ಟ್ರ್ಯಾಕ್ಟರಿನ ಟ್ರೇಲರಿಗೆ ಒಬ್ಬ. ಕೆಟ್ಟ ದೃಷ್ಟಿಯನ್ನು ಹೆದರಿಸಿ ಓಡಿಸುವ ಕೆಲಸ ಇವರೆಲ್ಲರದು. ಬೆಳಿಗ್ಗೆ ಹಾಲು ತರಲು ಹೋಗುವ ನನ್ನ ಅರ್ಧ ಮೈಲಿ ದಾರಿಯಲ್ಲೇ ಒಂಬತ್ತು ಮಂದಿ ಇದ್ದಾರೆ. ವರ್ಷಾನುಗಟ್ಟಲೆ ಬ್ಯಾಂಕಿನಲ್ಲಿ ನೋಟು ಎಣಿಸಿದವನು ನಾನು, ಏನು ಕಂಡರೂ ಎಣಿಸುವ ಚಟ.

ಇಷ್ಟು ರಾಕ್ಷಸರ ನಡುವೆ ಇರುವ ನನಗೆ ಬೆಂಗಳೂರಿನಿಂದ ಮೊಮ್ಮಗಳ ಫೋನು ಬಂತು. ಆರನೆಯ ತರಗತಿ. "ತಾತ, ಅಕ್ಟೋಬರ್ 31ಕ್ಕೆ ನಮ್ಮ ಅಪಾರ್ಟ್‌ಮೆಂಟಲ್ಲಿ ಹ್ಯಾಲೋವೀನ್. ನನಗೆ ಲ್ಯಾಟೆಕ್ಸ್ ಮಾನ್‌ಸ್ಟರ್ ಮಾಸ್ಕ್ ಬೇಕು. ಮನೇಲೇ ಮಾಡಬಹುದಂತೆ. ದಸರಾ ರಜಕ್ಕೆ ಬಂದಾಗ ಮಾಡೋಣ್ವಾ?"

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅವಳ ಅಜ್ಜಿ, "ಬಂಗಾರದಂಥ ಮುಖ ಬಿಟ್ಟು ರಾಕ್ಷಸನ ಮುಖ ಯಾಕ ಬೇಕವ್ವ ನಿನಗ?" ಅಂದಳು.

ಕಾರಣ ಇತ್ತು. ಹೋದ ವರ್ಷ ದೊಡ್ಡ ಹುಡುಗನೊಬ್ಬ ರಬ್ಬರಿನ ಮುಖವಾಡ ಹಾಕಿಕೊಂಡು ಲಿಫ್ಟಿನೊಳಗೆ ನಿಂತಿದ್ದನಂತೆ. ಬಾಗಿಲು ತೆರೆಯಿತು, ಇವಳ ತಮ್ಮ, ಆಗ ಮೂರು ವರ್ಷದವನು, ನೋಡಿದ. ಆಮೇಲೆ ಒಂದು ತಿಂಗಳು ಆ ಮಗು ಲಿಫ್ಟ್ ಹತ್ತಲಿಲ್ಲ. ನಾಲ್ಕನೆಯ ಮಹಡಿಗೆ ಅವರಮ್ಮ ಎತ್ತಿಕೊಂಡೇ ಹತ್ತಿದಳು. ಈ ವರ್ಷ ಅಕ್ಕ ಅದಕ್ಕಿಂತ ಭಯಂಕರ ಮುಖ ಹಾಕಿಕೊಂಡು ಆ ಹುಡುಗನ ಲೆಕ್ಕ ಚುಕ್ತಾ ಮಾಡಬೇಕು. ಬಡ್ಡಿ ಸಮೇತ. ಬ್ಯಾಂಕಿನವನ ಮೊಮ್ಮಗಳಲ್ಲವೇ!

ಹ್ಯಾಲೋವೀನ್ ಅಂದರೇನು ಎಂದು ಕೇಳುವ ತಾತಂದಿರಿಗೆ ನಾಲ್ಕು ಮಾತು. ಇದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯಿಂದ ಬಂದದ್ದು. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರ ಆತ್ಮಗಳು ತಿರುಗಾಡುತ್ತವೆಂದು ಅಲ್ಲಿಯ ಹಳಬರು ನಂಬಿದ್ದರು. ಅವುಗಳಿಗೆ ಗುರುತು ಸಿಗದಿರಲೆಂದು ವೇಷ ಹಾಕುತ್ತಿದ್ದರು. ಟರ್ನಿಪ್ ಎಂಬ ಗಡ್ಡೆಯನ್ನು ಕೊರೆದು, ಕಣ್ಣು ಬಾಯಿ ಬಿಡಿಸಿ, ಒಳಗೆ ದೀಪ ಇಡುತ್ತಿದ್ದರು. 19ನೆಯ ಶತಮಾನದಲ್ಲಿ ಐರ್ಲೆಂಡಿನ ಜನ ಗುಂಪು ಗುಂಪಾಗಿ ಅಮೆರಿಕಕ್ಕೆ ವಲಸೆ ಹೋದಾಗ ಹಬ್ಬವೂ ಹೋಯಿತು. ಅಲ್ಲಿ ದಪ್ಪ ದಪ್ಪ ಕುಂಬಳಕಾಯಿ ಸುಲಭವಾಗಿ ಸಿಕ್ಕಿತು, ಟರ್ನಿಪ್ ಮೂಲೆಗೆ ಬಿತ್ತು. ಅವರದೂ ಕುಂಬಳಕಾಯಿ, ನಮ್ಮದೂ ಕುಂಬಳಕಾಯಿ. ಅವರು ಕೊರೆಯುತ್ತಾರೆ, ನಾವು ಬಣ್ಣ ಬಳಿಯುತ್ತೇವೆ. ನಾವು ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಕೆಲವೇ ವಾರ ಕಳೆದಿರುತ್ತದೆ, ಅಷ್ಟರಲ್ಲಿ ಅವರ ಹಬ್ಬ ಬರುತ್ತದೆ.

ಇನ್ನು ಲ್ಯಾಟೆಕ್ಸ್. ಮೊಮ್ಮಗಳಿಗೆ ಉತ್ತರ ಹೇಳುವ ಮೊದಲು ಒಂದಿಷ್ಟು ಓದಿಕೊಂಡೆ.

ಲ್ಯಾಟೆಕ್ಸ್ ಅಂದರೆ ಗಿಡದ ಹಾಲು. ಆಲದ ಎಲೆ ಕಿತ್ತರೆ ಬರುತ್ತದಲ್ಲ, ಅದೇ ಜಾತಿ. (ಎಕ್ಕದ ಗಿಡದಲ್ಲೂ ಬರುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ. ಕಣ್ಣಿಗೆ ತಾಗಿದರೆ ಕಣ್ಣಿಗೇ ಅಪಾಯ.) ಮುಖವಾಡಕ್ಕೆ ಬಳಸುವುದು ರಬ್ಬರ್ ಮರದ ಹಾಲು. ಅಮೆಜಾನ್ ಕಾಡಿನ ಈ ಮರದ ಸುಮಾರು 70,000 ಬೀಜಗಳನ್ನು 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೂ ಮಲಯಕ್ಕೂ ಬಂದವು. ಈಗ ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಹೋದರೆ ತೊಗಟೆಗೆ ಓರೆ ಗೀರು ಹಾಕಿ, ಕೆಳಗೆ ಕರಟದಂಥ ಬಟ್ಟಲು ಕಟ್ಟಿದ ಮರಗಳ ಸಾಲು ಕಾಣುತ್ತದೆ. ಆ ಹಾಲು ತಾನಾಗಿ ಬಿಟ್ಟರೆ ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಹಾಗಾಗದಿರಲು ಅಮೋನಿಯಾ ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಡಬ್ಬಿ ಮುಚ್ಚಳ ತೆಗೆದರೆ ಮೂಗು ಸುಡುವ ವಾಸನೆ ಬರುವುದು ಅದಕ್ಕೇ.

ಅಮೆರಿಕದಲ್ಲಿ ಡಾನ್ ಪೋಸ್ಟ್ ಎಂಬವರು 1938ರಲ್ಲಿ ಇಂಥ ರಬ್ಬರ್ ಮುಖವಾಡಗಳ ಕಾರ್ಖಾನೆ ಶುರು ಮಾಡಿದರು. ತಲೆಯ ತನಕ ಮುಚ್ಚುವ ರಾಕ್ಷಸ ಮುಖಗಳು ಅಲ್ಲಿಂದ ಮನೆಮನೆಗೆ ಹೋದವು. 1978ರಲ್ಲಿ 'ಹ್ಯಾಲೋವೀನ್' ಎಂಬ ಸಿನಿಮಾ ತೆಗೆದವರ ಬಳಿ ಹಣ ಕಡಿಮೆ ಇತ್ತು. ಎರಡು ಡಾಲರಿಗೂ ಕಡಿಮೆ ಬೆಲೆಯ ಒಂದು ಮುಖವಾಡವನ್ನು ಅಂಗಡಿಯಿಂದ ಕೊಂಡರು. ಅದು 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನದು, ಒಳ್ಳೆಯ ನಾಯಕನ ಮುಖ. ಕಣ್ಣಿನ ತೂತು ದೊಡ್ಡದು ಮಾಡಿ ಬಿಳಿ ಬಣ್ಣ ಬಳಿದರು. ಅಷ್ಟೇ! ಇಡೀ ದೇಶವೇ ಹೆದರುವ ಮುಖವಾಯಿತು. ಕೋರೆಹಲ್ಲೂ ಇಲ್ಲ, ಕೊಂಬೂ ಇಲ್ಲ. (ಸಿನಿಮಾ ದೊಡ್ಡವರದು, ಮಕ್ಕಳು ಹುಡುಕಬೇಡಿ.)

ಮಾಡುವ ವಿಧಾನ ಹೀಗೆ. ಜೇಡಿಮಣ್ಣಿನಲ್ಲಿ ರಾಕ್ಷಸನ ಮುಖ ತಿದ್ದಬೇಕು. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು ಅಚ್ಚು ತೆಗೆಯಬೇಕು. ಅಚ್ಚಿನೊಳಗೆ ಲ್ಯಾಟೆಕ್ಸ್ ಸುರಿದು ಸ್ವಲ್ಪ ಹೊತ್ತು ಬಿಟ್ಟರೆ ಪ್ಲಾಸ್ಟರ್ ನೀರು ಹೀರಿಕೊಂಡು ಗೋಡೆಗೆ ಒಂದು ಪದರ ಹಿಡಿಯುತ್ತದೆ. ಉಳಿದದ್ದನ್ನು ಡಬ್ಬಿಗೆ ವಾಪಸ್ ಬಗ್ಗಿಸಿ, ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಸುಲಿಯಬೇಕು. ಪೌಡರ್ ಮರೆತರೆ ರಬ್ಬರಿಗೆ ರಬ್ಬರ್ ಅಂಟಿ ರಾಕ್ಷಸನ ಕಣ್ಣು ಮೂಗು ಒಂದಾಗಿಬಿಡುತ್ತವೆ. ಅಚ್ಚು ಬೇಡವೆನ್ನುವವರು ಮಣ್ಣಿನ ಮುಖದ ಮೇಲೇ ಬ್ರಷ್ಷಿನಿಂದ ತೆಳ್ಳಗೆ ಆರೆಂಟು ಪದರ, ಒಂದು ಒಣಗಿದ ಮೇಲೆ ಇನ್ನೊಂದು, ಬಳಿಯುತ್ತಾರೆ. ಬ್ರಷ್ಷನ್ನು ಮೊದಲೇ ಸೋಪಿನ ನೀರಿನಲ್ಲಿ ಅದ್ದಿರಬೇಕು, ಇಲ್ಲದಿದ್ದರೆ ಆ ಬ್ರಷ್ಷಿನ ಕತೆ ಅಂದೇ ಮುಗಿಯಿತು.

ಓದಿದ ಮೇಲೆ ನಾನು ಬೇಡ ಅಂದೆ. ಒಂದು, ರಬ್ಬರ್ ಹಾಲು ಕೆಲವರ ಮೈಗೆ ಒಗ್ಗುವುದಿಲ್ಲ. ಬಲೂನು ಊದಿದರೆ ತುಟಿ ತುರಿಸುವ, ಊದಿಕೊಳ್ಳುವ ಮಕ್ಕಳಿದ್ದಾರೆ. ಅಂಥವರಿಗೆ ಇದು ಆಟದ ಮಾತಲ್ಲ, ಉಸಿರಿಗೇ ತೊಂದರೆಯಾಗಬಹುದು. ಎರಡು, ನಮ್ಮ ಹವೆ. ಬೇಸಿಗೆಯಲ್ಲಿ ರಾಯಚೂರು 40 ಡಿಗ್ರಿ ದಾಟುವುದು ನಿಮಗೆ ಹೊಸ ಸುದ್ದಿಯಲ್ಲ. ಬಿಸಿಲು, ಸೆಕೆ, ಎಣ್ಣೆ ಈ ಮೂರೂ ರಬ್ಬರಿನ ವೈರಿಗಳು. ಹಳೆಯ ರಬ್ಬರ್ ಬ್ಯಾಂಡು ನೋಟಿನ ಕಟ್ಟಿಗೆ ಮೇಣದ ಹಾಗೆ ಅಂಟಿಕೊಂಡದ್ದನ್ನು ಬ್ಯಾಂಕಿನಲ್ಲಿ ನಾನು ಎಷ್ಟು ಸಲ ಉಗುರಿನಿಂದ ಕೆರೆದಿದ್ದೇನೋ! ಟ್ರಂಕಿನಲ್ಲಿಟ್ಟ ರಾಕ್ಷಸನಿಗೂ ಅದೇ ಗತಿ. ಮೂರು, ತಲೆಪೂರ್ತಿ ಮುಚ್ಚಿದ ರಬ್ಬರಿನೊಳಗೆ ಹತ್ತು ನಿಮಿಷ ಇದ್ದರೆ ಬೆವರಿನಲ್ಲೇ ಸ್ನಾನ. ಹೈಸ್ಕೂಲಿನ ಮಕ್ಕಳು, ದೊಡ್ಡವರ ಜೊತೆ, ಕಿಟಕಿ ತೆರೆದ ಕೋಣೆಯಲ್ಲಿ ಮಾಡುವುದಾದರೆ ನನ್ನ ಅಡ್ಡಿಯಿಲ್ಲ. ಆದರೆ ಮಣ್ಣಿನ ಮೇಲೆ ಬಳಿಯಬೇಕು, ಮುಖದ ಮೇಲೆ ಎಂದೂ ಬಳಿಯಕೂಡದು. ಹುಬ್ಬಿನ ಕೂದಲಿಗೆ ಅಂಟಿದರೆ ಹುಬ್ಬೇ ಬರುತ್ತದೆ.

ಈ ಮೂರಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಅದು ಆ ಚಿಕ್ಕವನ ವಿಷಯ.

ನಾನು ಮಾನ್ವಿಯ ಶಾಖೆಯಲ್ಲಿದ್ದಾಗ ಸುತ್ತಲಿನ ಹಳ್ಳಿಗಳಲ್ಲಿ ಬಯಲಾಟ ಆದರೆ ತಪ್ಪಿಸುತ್ತಿರಲಿಲ್ಲ. ಭತ್ತದ ಸುಗ್ಗಿ ಮುಗಿದ ಮೇಲೆ ಒಂದು ರಾತ್ರಿ, ಒಂದು ಊರಲ್ಲಿ, ಸಂಜೆಯಿಂದಲೇ ಹೋಗಿ ಬಣ್ಣ ಹಚ್ಚುವ ಕೋಣೆಯಲ್ಲಿ ಕುಳಿತೆ. ರಾಕ್ಷಸ ಪಾತ್ರ ಮಾಡುವವನು ಹಗಲು ನಮ್ಮ ಬ್ಯಾಂಕಿಗೆ ಬೆಳೆ ಸಾಲಕ್ಕೆ ಬರುತ್ತಿದ್ದ ಬಡಪಾಯಿ. ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಕಾಡಿಗೆಯಿಂದ ಹುಬ್ಬು ಬೆಳೆಯಿತು, ಬಿಳಿಯಿಂದ ಗಲ್ಲ ಉಬ್ಬಿತು, ಕೆಂಪು ಬಂತು. ಸುತ್ತ ಏಳೆಂಟು ಹುಡುಗರು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡುತ್ತಿದ್ದರು. ಒಬ್ಬನಿಗೆ ಕನ್ನಡಿ ಹಿಡಿಯುವ ಕೆಲಸ, ಇನ್ನೊಬ್ಬ ಮೀಸೆಗೆ ಅಂಟು ಹಚ್ಚಿಕೊಟ್ಟ. ನಡುರಾತ್ರಿ ಆ ರಾಕ್ಷಸ ಪರದೆ ಸರಿಸಿ ಕೂಗುತ್ತ ರಂಗಕ್ಕೆ ಹಾರಿದಾಗ, ಮುಂದೆ ಕೂತಿದ್ದ ಮಕ್ಕಳು ಕಿರುಚಿ ತಾಯಂದಿರ ಸೆರಗಿನೊಳಗೆ ತಲೆ ಹುದುಗಿಸಿದರು. ಬಣ್ಣದ ಕೋಣೆಯ ಹುಡುಗರು ಮಾತ್ರ ಎದ್ದು ನಿಂತು, "ನಾನು ಹಚ್ಚಿದ ಮೀಸಿ ಅದು, ನೋಡ್ರಲೇ!" ಎಂದು ಕುಣಿದರು.

ಇದು ನೆನಪಾಯಿತು. ಮೊಮ್ಮಗಳಿಗೆ ಹೇಳಿದೆ: "ಮಾಸ್ಕ್ ಮಾಡೋಣ. ಆದರೆ ಕಾಗದದ್ದು. ಮತ್ತು ಕಾಗದ ಹರಿಯುವ ಕೆಲಸ ನಿನ್ನ ತಮ್ಮನದು."

ಕಾಗದ ಅಂದಾಗ ಅವಳ ಮುಖ ಸಣ್ಣದಾಯಿತು. ಆಗ ಕಿನ್ನಾಳದ ಕತೆ ಹೇಳಬೇಕಾಯಿತು. ಕಿನ್ನಾಳ ಇರುವುದು ಈಗಿನ ಕೊಪ್ಪಳ ಜಿಲ್ಲೆಯಲ್ಲಿ. 1997ರವರೆಗೆ ಕೊಪ್ಪಳವೂ ನಮ್ಮ ರಾಯಚೂರು ಜಿಲ್ಲೆಯದೇ ಆಗಿತ್ತು, ಆ ಲೆಕ್ಕದಲ್ಲಿ ನಮ್ಮ ಕಸುಬೇ ಅನ್ನಬಹುದು. ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ, ದೇವರು, ಪಲ್ಲಕ್ಕಿ ಮಾಡುತ್ತಾರೆ. ಮರದ ತುಂಡುಗಳ ಸಂದು ಮುಚ್ಚಲು 'ಕಿಟ್ಟ' ಎಂಬ ಮಿಶ್ರಣ ಇದೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ಕಲಸುತ್ತಾರೆ. ಅದನ್ನು ಮೈಗೆಲ್ಲ ಬಳಿದು, ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು ಬಣ್ಣ ಹಚ್ಚುತ್ತಾರೆ. ಹುಣಸೆ ಬೀಜ, ಗೋಣಿ, ಹತ್ತಿ, ಹೊಟ್ಟು! ರಾಯಚೂರಿನಲ್ಲಿ ಇವಕ್ಕೇನು ಬರ?

ಈಗ ಮಾಡುವ ಬಗೆ. ನಾವು ಮಾಡಿದಂತೆಯೇ ಹೇಳುತ್ತೇನೆ.

ಮೊದಲು ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದೇವದುರ್ಗ, ಮಾನ್ವಿ ಕಡೆಯವರು ಹೊಲದ ಎರೆಮಣ್ಣು ತರಬೇಡಿ, ಒಣಗುತ್ತಿದ್ದಂತೆ ಬಿರಿಯುತ್ತದೆ. ಕುಂಬಾರರ ಮಣ್ಣು ಒಳ್ಳೆಯದು. ಅದಕ್ಕೆ ಒಂದು ಹಿಡಿ ಭತ್ತದ ಹೊಟ್ಟು ಸೇರಿಸಿ ನಾದಿದರೆ ಬಿರುಕು ಕಡಿಮೆ. ಹಾಕಿಕೊಳ್ಳುವ ಮಗುವಿನ ಹಣೆಯಿಂದ ಗದ್ದಕ್ಕೆ, ಕಿವಿಯಿಂದ ಕಿವಿಗೆ ದಾರ ಹಿಡಿದು ಅಳತೆ ತೆಗೆದು, ಎಲ್ಲ ಕಡೆಗೆ ಒಂದೊಂದು ಬೆರಳು ಹೆಚ್ಚು ಬಿಟ್ಟು ಹಲಗೆಯ ಮೇಲೆ ಮಣ್ಣಿನ ದಿಬ್ಬ ಮಾಡಿ. ಮೂಗು ದೊಣ್ಣೆಯಾಗಲಿ, ಹುಬ್ಬು ಮಾಳಿಗೆಯ ಸೂರಿನಂತೆ ಮುಂದೆ ಬರಲಿ, ಗಲ್ಲ ಉಬ್ಬಲಿ. ಆಳವಾದ ಗುಳಿಗಳು ಬೇಡ, ಆಮೇಲೆ ಕಾಗದ ಬಿಡಿಸಲು ಬರುವುದಿಲ್ಲ. ನಮ್ಮ ರಾಕ್ಷಸನಿಗೆ ಚಿಕ್ಕವನು ಒಂದು ಕಡೆಯ ಗಲ್ಲವನ್ನು ಗುದ್ದಿ ಚಪ್ಪಟೆ ಮಾಡಿದ. ಸರಿಮಾಡಲು ಹೋದೆ, ಅಕ್ಕ ಬೇಡವೆಂದಳು. "ಹಲ್ಲುನೋವು ಬಂದಿರೋ ಮಾನ್‌ಸ್ಟರ್ ತಾತ, ಇರಲಿ."

ಅಂಟಿಗೆ ಹುಣಸೆ ಬೀಜವನ್ನು ಬಾಣಲೆಯಲ್ಲಿ ಹುರಿದು, ಕೆಂಪು ಸಿಪ್ಪೆ ಬಿಡಿಸಿ, ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ, ನೀರು ಹಾಕಿ ಗಂಜಿಯಂತೆ ಕುದಿಸಬೇಕು. ಈ ಕೆಲಸ ಅಜ್ಜಿಯದು, ಒಲೆಯ ಹತ್ತಿರ ಮಕ್ಕಳಿಗೆ ಕೆಲಸವಿಲ್ಲ. ಬೀಜ ಸಿಗದವರು ಮೈದಾ ಬಳಸಿ. ಒಂದು ಲೋಟ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ನಾಲ್ಕು ಲೋಟ ನೀರಿನ ಜೊತೆ ಕಾಯಿಸಿ, ಹೊಳಪು ಬರುವ ತನಕ ತಿರುವಿ. ನಮ್ಮ ಮನೆಯಲ್ಲಿ ರುಬ್ಬುವ ಮಿಕ್ಸಿಗೆ ಹುಣಸೆ ಬೀಜ ಹಾಕಿದ್ದಕ್ಕೆ ನನಗೆ ಆದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ.

ಕಾಗದವನ್ನು ಕತ್ತರಿಸಬಾರದು, ಹರಿಯಬೇಕು. ಕತ್ತರಿಸಿದ ಅಂಚು ಎದ್ದು ಕಾಣುತ್ತದೆ, ಹರಿದ ಅಂಚು ಒಂದರೊಳಗೊಂದು ಕೂಡಿಕೊಳ್ಳುತ್ತದೆ. ಎರಡು ಬೆರಳಗಲದ ಚೂರು ಸಾಕು. ಮಣ್ಣಿನ ಮೇಲೆ ಮೊದಲ ಪದರಕ್ಕೆ ಅಂಟು ಇಲ್ಲ, ಬರೀ ನೀರಿನಲ್ಲಿ ಅದ್ದಿದ ಕಾಗದ. ಇದು ಮುಖ್ಯ, ಇದರಿಂದಲೇ ಮುಖವಾಡ ಮಣ್ಣಿನಿಂದ ಸಲೀಸಾಗಿ ಕಳಚುವುದು. ಎರಡನೆಯ ಪದರದಿಂದ ಅಂಟು. ಒಂದು ಪದರ ಕನ್ನಡ ಪತ್ರಿಕೆ, ಮುಂದಿನದು ಇಂಗ್ಲಿಷ್ ಪತ್ರಿಕೆ, ಮತ್ತೆ ಕನ್ನಡ. ಹೀಗೆ ಮಾಡಿದರೆ ಎಲ್ಲಿ ಮುಚ್ಚಿದೆ, ಎಲ್ಲಿ ಬಿಟ್ಟಿದೆ ಎಂದು ಓದಿಯೇ ತಿಳಿಯಬಹುದು. ಇನ್ನೂ ಓದಲು ಬಾರದ ಚಿಕ್ಕವನೂ 'ಇಲ್ಲಿ ಎಬಿಸಿಡಿ ಕಾಣ್ತಿದೆ' ಎಂದು ಕೂಗಿ ಅಲ್ಲಿ ಕನ್ನಡದ ಚೂರು ಅಂಟಿಸುತ್ತಿದ್ದ. ಆರು ಪದರ ಹಾಕಿದೆವು. ಎರಡು ಪದರಕ್ಕೊಮ್ಮೆ ನೆರಳಿನಲ್ಲಿ ಒಣಗಿಸಿ, ಕೊನೆಗೆ ಮಾಳಿಗೆಯ ಮೇಲೆ ಒಂದು ದಿನ ಬಿಸಿಲು. ರಾಯಚೂರಿನ ಬಿಸಿಲಿಗೆ ಒಂದು ಉಪಯೋಗವಾದರೂ ಆಯಿತು.

ಕಳಚಿದ ಮೇಲೆ ಅಂಚನ್ನು ಕತ್ತರಿಯಿಂದ ಸರಿಮಾಡಿ, ಕಾಗದ ಮಡಚಿ ಅಂಟಿಸಿ, ಇಲ್ಲದಿದ್ದರೆ ಗಲ್ಲಕ್ಕೆ ಗೀರುತ್ತದೆ. ಕಣ್ಣು ಎಲ್ಲಿ ಬರಬೇಕೆಂದು ಮಗುವಿನ ಮುಖಕ್ಕೆ ಹಿಡಿದೇ ಸೀಮೆಸುಣ್ಣದಿಂದ ಗುರುತು ಮಾಡಿ. ತೂತು ಚಂದಕ್ಕೆ ಸಣ್ಣದಾಗುವುದು ಬೇಡ, ದೊಡ್ಡದೇ ಇರಲಿ. ಮೆಟ್ಟಿಲು ಕಾಣದ ರಾಕ್ಷಸ ಮೊದಲು ತಾನೇ ಬೀಳುತ್ತಾನೆ. ನಮ್ಮ ಗಾರುಡಿ ಗೊಂಬೆ ನೋಡಿದ್ದೀರಲ್ಲ, ಬಿದಿರಿನ ತಟ್ಟಿಯ ಅಷ್ಟು ಎತ್ತರದ ಗೊಂಬೆಗೂ ಒಳಗಿರುವವನಿಗೆ ದಾರಿ ಕಾಣಲೆಂದು ಹೊಟ್ಟೆಯ ಹತ್ತಿರ ಕಿಂಡಿ ಇರುತ್ತದೆ. ಮೂಗಿಗೆ ಎರಡು ತೂತು, ಬಾಯಿ ಪೂರ್ತಿ ತೆರೆದಿರಲಿ. ಹಣೆಯ ಒಳಭಾಗಕ್ಕೆ ಹತ್ತಿಯ ಸಣ್ಣ ಗಾದಿ ಅಂಟಿಸಿದರೆ ಮುಖವಾಡ ಮುಖಕ್ಕೆ ಒತ್ತದೆ ಗಾಳಿ ಆಡುತ್ತದೆ. ಕಟ್ಟಲು ಲಾಡಿ, ಹಿಂದೆ ಜಾರುಗಂಟು. ಎಳೆದರೆ ತಕ್ಷಣ ಬಿಚ್ಚಬೇಕು.

ಇನ್ನು ಶೃಂಗಾರ. ಇಲ್ಲಿ ಮಕ್ಕಳು ನಮ್ಮ ಮಾತು ಕೇಳುವುದಿಲ್ಲ, ಕೇಳಲೂ ಬಾರದು. ನಮ್ಮ ಮೊಮ್ಮಗಳು ಗೋಣಿದಾರದ ಚೂರು, ಮರದ ಹೊಟ್ಟು, ಹುಣಸೆ ಅಂಟು ಕಲಸಿ ಕಿಟ್ಟ ಮಾಡಿ ಮುಖದ ತುಂಬ ಗುಳ್ಳೆ ಎಬ್ಬಿಸಿದಳು. ಹಲ್ಲಿಗೆ ಜೋಳದ ದಂಟಿನ ಬೆಂಡು. ನಾವು ಚಿಕ್ಕವರಿದ್ದಾಗ ಅದೇ ಬೆಂಡಿನಲ್ಲಿ ಬಂಡಿ, ಕನ್ನಡಕ ಮಾಡುತ್ತಿದ್ದೆವು. ಬೆಳ್ಳಗೆ, ಹಗುರ, ಉಗುರಿನಲ್ಲೇ ಕೊರೆಯಲು ಬರುತ್ತದೆ. ಒಟ್ಟು ಹನ್ನೊಂದು ಹಲ್ಲು, ಅದರಲ್ಲಿ ಒಂದು ಹುಳುಕು. ತಲೆಗೆ ತೆಂಗಿನ ನಾರು, ಹುಬ್ಬಿಗೆ ಹತ್ತಿ. ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದ ಮೇಲೆ ಕನ್ನಡವೂ ಇಂಗ್ಲಿಷೂ ಮುಚ್ಚಿಹೋಗಿ ಬಿಳಿಯ ಮುಖ ಎದ್ದಿತು. ಎಲೆಗೆ ಹಾಕುವ ಸುಣ್ಣ ಬೇಡ, ಚರ್ಮ ಸುಡುತ್ತದೆ. ಮೇಲೆ ಪೋಸ್ಟರ್ ಬಣ್ಣ.

ಬಣ್ಣದ ವಿಷಯದಲ್ಲಿ ತಾತಂದಿರಿಗೆ ಒಂದು ಮಾತು. ಹಳೆಯ ಬಯಲಾಟದವರು ಅರದಾಳ, ಇಂಗಳೀಕ ಹಚ್ಚುತ್ತಿದ್ದರು, ಅದರ ಹೊಳಪೇ ಬೇರೆ ಎಂದು ನೀವು ನೆನೆಸಿಕೊಳ್ಳುತ್ತೀರಿ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಮೊಮ್ಮಕ್ಕಳ ಹತ್ತಿರ ತರಬೇಡಿ. ಬಾಗಿಲಿಗೆ ಹಚ್ಚುವ ಆಯಿಲ್ ಪೇಂಟೂ ಬೇಡ.

ಆಯಿಲ್ ಪೇಂಟ್ ಅಂದಾಗ ದೇವದುರ್ಗದ ಹುಲಿ ನೆನಪಾಗುತ್ತಾನೆ. ನಮ್ಮ ಜಿಲ್ಲೆಯ ಮೊಹರಂ ನಿಮಗೆ ಗೊತ್ತು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನದು ಇಡೀ ರಾಜ್ಯಕ್ಕೆ ಹೆಸರುವಾಸಿ. ಹಳ್ಳಿಹಳ್ಳಿಯಲ್ಲೂ ಅಲಾಯಿ ಕುಣಿ ತೋಡಿ, ಹಲಗೆ ಬಡಿದು ಹೆಜ್ಜೆ ಹಾಕುತ್ತಾರೆ. ಹರಕೆ ಹೊತ್ತವರು ಹುಲಿವೇಷ ಹಾಕುತ್ತಾರೆ. ಹರಕೆ ಹೊರುವವರಲ್ಲಿ ಹಿಂದೂ ಎಷ್ಟು, ಮುಸ್ಲಿಂ ಎಷ್ಟು ಎಂದು ನಾನಂತೂ ಎಣಿಸಲಿಲ್ಲ, ಎಲ್ಲದರ ಲೆಕ್ಕ ಇಡುವ ನಾನೂ.

ದೇವದುರ್ಗದ ಶಾಖೆಯಲ್ಲಿದ್ದ ಒಂದು ವರ್ಷ, ಹಬ್ಬಕ್ಕೆ ಎರಡು ದಿನ ಇರುವಾಗ ಮಧ್ಯಾಹ್ನ ಒಂದು ಹುಲಿ ಬ್ಯಾಂಕಿನೊಳಗೆ ಬಂತು. ಹಳದಿ ಮೈ, ಕಪ್ಪು ಪಟ್ಟೆ, ಹಿಂದೆ ಹುರಿ ಸುತ್ತಿದ ಬಾಲ. ಹಣ ತೆಗೆಯುವ ಚೀಟಿ ಕೊಟ್ಟು, ಹಿತ್ತಾಳೆ ಟೋಕನ್ ಪಡೆದು, ಬಾಲವನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಬೆಂಚಿನ ಮೇಲೆ ಸಭ್ಯವಾಗಿ ಕೂತಿತು. ಪಾಸ್‌ಬುಕ್ಕಿನ ಫೋಟೋಗೂ ಹುಲಿಗೂ ತಾಳೆಯಾಗಬೇಕಲ್ಲ!

"ಮುಖ ತೊಳಕೊಂಡು ಬಾರಪಾ," ಅಂದರು ಕ್ಯಾಷಿಯರ್.

"ತೊಳಿಯಂಗಿಲ್ರಿ ಸಾಹೇಬ್ರ. ಹರಕಿ ಐತಿ. ದೇವ್ರು ಹೊಳಿಗಿ ಹೋಗೋತನಕ ಬಣ್ಣ ತೆಗಿಯಂಗಿಲ್ರಿ."

ಆತ ಹೆಬ್ಬೆಟ್ಟಿನ ಗಿರಾಕಿ. ಬೆರಳಿಗೂ ಬಣ್ಣ. ಕೊನೆಗೆ ನಮ್ಮ ಅಟೆಂಡರ್ ಚಹಾದ ಸ್ಟೋವಿನಿಂದ ಒಂದಿಷ್ಟು ಸೀಮೆಎಣ್ಣೆ ತಂದು, ಎಡಗೈ ಹೆಬ್ಬೆಟ್ಟನ್ನು ಮಾತ್ರ ಒರೆಸಿದ. ಅಷ್ಟಕ್ಕೆ ಹರಕೆ ಕೆಡುವುದಿಲ್ಲವೆಂದು ಕೂತಿದ್ದ ಹಿರಿಯರೊಬ್ಬರು ತೀರ್ಪು ಕೊಟ್ಟರು. ಗುರುತು ತಾಳೆಯಾಯಿತು, ಹಣ ಕೊಟ್ಟೆವು. ಇಡೀ ಹುಲಿಯಲ್ಲಿ ಆ ಒಂದು ಹೆಬ್ಬೆಟ್ಟು ಮಾತ್ರ ಮನುಷ್ಯನದು.

ಅವನ ಜೊತೆ ಐದಾರು ವರ್ಷದ ಮಗ ಇದ್ದ. ಆ ಹುಡುಗನಿಗೆ ಜ್ವರ ಬಂದು ಕೈಬಿಟ್ಟಂತಾದಾಗಲೇ ಹೊತ್ತ ಹರಕೆ ಅದು. ಬ್ಯಾಂಕಿಗೆ ಬಂದಿದ್ದ ಬೇರೆ ಮಕ್ಕಳು ದೊಡ್ಡವರ ಹಿಂದೆ ಅವಿತಿದ್ದರು, ಇವನು ಬಾಲ ಹಿಡಿದು ಜಗ್ಗುತ್ತಿದ್ದ. "ಹೆದರಿಕಿ ಆಗಂಗಿಲ್ಲೇನೋ?" ಎಂದು ಕೇಳಿದೆ. "ಬೆನ್ನಿನ ಮ್ಯಾಗಿನ ಪಟ್ಟಿ ನಾನ ಬರ್ದೀನ್ರಿ," ಅಂದ. ನೋಡಿದರೆ ಬೆನ್ನಿನ ಪಟ್ಟೆಗಳು ಸೊಟ್ಟಸೊಟ್ಟಗಿದ್ದವು. ಆ ಪೇಂಟನ್ನು ತೆಗೆಯಲು ಹಬ್ಬ ಮುಗಿದ ಮೇಲೆ ಮೈಯೆಲ್ಲ ಸೀಮೆಎಣ್ಣೆ ಹಾಕಿ ಉಜ್ಜಿಕೊಂಡು, ಚರ್ಮ ಕಿತ್ತುಹೋಗಿ ವಾರಗಟ್ಟಲೆ ನರಳಿದನೆಂದು ಆಮೇಲೆ ಕೇಳಿದೆ. ಮೈಗೆ ಹಚ್ಚುವ, ನೀರಿಗೆ ಹೋಗುವ ಬಣ್ಣಗಳು ಈಗ ಸಿಗುತ್ತವೆ.

ನಮ್ಮ ಚಿಕ್ಕವನ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ಮಣ್ಣಿನ ಮುಖವನ್ನು ದೂರದಿಂದ ನೋಡಿದ. ಎರಡನೆಯ ದಿನ ಕಾಗದ ಅಂಟಿಸಿದ. ಬಣ್ಣ ಹಚ್ಚಿದ ದಿನ ಮಾತ್ರ, ಕೆಂಪು ಕಣ್ಣು ಮೂಡಿದ ಕೂಡಲೇ ಅಜ್ಜಿಯ ಮಂಚದ ಮೇಲೆ ಹತ್ತಿ ಕೂತ. ಯಾರೂ ಕರೆಯಲಿಲ್ಲ. ಅರ್ಧ ಗಂಟೆ ಬಿಟ್ಟು ತಾನೇ ಇಳಿದು ಬಂದು, ರಾಕ್ಷಸನ ಬಾಯೊಳಗೆ ಒಂದು ಬೆರಳು ಹಾಕಿ, ಹಿಂದಕ್ಕೆ ತೆಗೆದು, ಬೆರಳು ಇದೆಯೋ ಇಲ್ಲವೋ ನೋಡಿಕೊಂಡ. ಆಮೇಲೆ ಹುಳುಕು ಹಲ್ಲಿಗೆ ಕಪ್ಪು ಹಚ್ಚಿದವನು ಅವನೇ. "ಹಲ್ಲುಜ್ಜಿಲ್ಲ ಇವನು," ಎಂದು ಬೈದ.

ಹೊರಡುವ ಮೊದಲು ಮೊಮ್ಮಗಳಿಗೆ ಮೂರು ಷರತ್ತು ಹಾಕಿದೆ. ಶಾಲೆಗೆ ಹೋಗದ ಮಗು ಎದುರು ಬಂದರೆ ಮುಖವಾಡ ಕೈಯಲ್ಲಿರಬೇಕು, ಮೊದಲು ನಿನ್ನ ಮುಖ ಕಾಣಲಿ, ಆಮೇಲೆ ಅದರೆದುರೇ ಹಾಕಿಕೊಂಡು ಅದ್ಭುತ ಮಾಡು. ಲಿಫ್ಟಿನಲ್ಲಿ, ಮೆಟ್ಟಿಲಿನಲ್ಲಿ ಹೆದರಿಸುವುದಿಲ್ಲ. ವಯಸ್ಸಾದವರ ಹಿಂದಿನಿಂದ ಬರುವುದಿಲ್ಲ, ನಿನ್ನ ತಾತನಂಥವರಿಗೆ ಹೃದಯ ಒಂದೇ ಇರುತ್ತದೆ. "ಮತ್ತೆ ಆ ಹುಡುಗನಿಗೆ?" ಎಂದು ಕೇಳಿದಳು. ಅವನು ನಿನಗಿಂತ ದೊಡ್ಡವನು, ಎದುರಿಗೆ ನಿಂತು ಎಷ್ಟು ಬೇಕಾದರೂ ಹೆದರಿಸು ಅಂದೆ.

ರಾಕ್ಷಸ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದಾನೆ. ಹಬ್ಬ ಆದ ಮೇಲೆ ಎತ್ತಿಡುವ ಬಗ್ಗೆ ಅವಳಿಗೆ ಬರೆದುಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ಅಂಟು ಅಂದರೆ ಹಿಟ್ಟು, ಹಿಟ್ಟು ಅಂದರೆ ಜಿರಲೆ, ಇಲಿ, ಇರುವೆಗಳಿಗೆ ಊಟ. ಬ್ಯಾಂಕಿನ ಲೆಡ್ಜರ್ ಕಟ್ಟುತ್ತಿದ್ದ ಬೈಂಡರ್ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದ, ಹುಳ ಬರುತ್ತಿರಲಿಲ್ಲ. ಅದು ವಿಷ, ಮುಖಕ್ಕೆ ಕಟ್ಟುವ ವಸ್ತುವಿಗೆ ಬೇಡ. ಚೆನ್ನಾಗಿ ಒಣಗಿಸಿ, ಬೇವಿನ ಒಣ ಎಲೆ ಹಾಕಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಎತ್ತರದ ಕಪಾಟಿನ ಮೇಲೆ ಇಡಿ. ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಸಿಲಿಗೆ ಹಾಕಿ. ಬಣ್ಣ ಉದುರಿದ ಕಡೆ ಮುಂದಿನ ವರ್ಷ ಹೊಸದಾಗಿ ಬಳಿಯಬಹುದು, ಕಿವಿ ಬೇಕೆನಿಸಿದರೆ ಕಿವಿ ಅಂಟಿಸಬಹುದು. ನಮ್ಮವನಿಗೆ ಈ ಸಲ ಕಿವಿ ಇಡಲು ಹೊತ್ತಾಗಲಿಲ್ಲ.